ಎಂಟರ್ ಒತ್ತುವ ಮೊದಲು

ಎರಡು ವರ್ಷದ ಹಿಂದೆ, ಕಾರ್ತಿಕ ಮಾಸದ ಒಂದು ಗುರುವಾರ ನಡೆದದ್ದು ಇದು. ಅಂದು ಮಧ್ಯಾಹ್ನ ಎರಡೂವರೆಗೆ ನನಗೆ ಸಂದರ್ಶನವಿತ್ತು. ಅಂಧ ಮಕ್ಕಳ ವಸತಿ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಸಂದರ್ಶನ ಆನ್‌ಲೈನಿನಲ್ಲೇ. ಬರೀ ಪ್ರಶ್ನೆ ಕೇಳಿ ಬಿಡುವುದಿಲ್ಲ, ನಿಮ್ಮ ಕಂಪ್ಯೂಟರಿನ ಪರದೆಯನ್ನು ನಮಗೆ ತೋರಿಸುತ್ತಾ ಇಪ್ಪತ್ತು ನಿಮಿಷ ಪಾಠ ಮಾಡಬೇಕು ಎಂದು ಮೊದಲೇ ತಿಳಿಸಿದ್ದರು. ನಾನು ಹದಿನೈದು ದಿನ ಕೂತು ಆ ಪಾಠ ಸಿದ್ಧ ಮಾಡಿದ್ದೆ.

ನನಗೆ ಕಣ್ಣು ಕಾಣುವುದಿಲ್ಲ. ಹುಟ್ಟಿನಿಂದ ಹಾಗಿರಲಿಲ್ಲ. ಆರನೇ ತರಗತಿಯಲ್ಲಿದ್ದಾಗ ಬೋರ್ಡಿನ ಮೇಲಿನ ಅಕ್ಷರ ಮಸುಕಾಗತೊಡಗಿ, ಎರಡು ವರ್ಷದೊಳಗೆ ಪೂರ್ತಿ ಕತ್ತಲಾಯಿತು. ಆಮೇಲೆ ಅಂಧರ ಶಾಲೆ, ಬ್ರೈಲ್, ಡಿಗ್ರಿ. ಕಂಪ್ಯೂಟರ್ ಕಲಿತ ಮೇಲೆ ನನಗೆ ಅದೇ ಕಣ್ಣಾಯಿತು. ಪರದೆಯ ಮೇಲೆ ಇರುವುದನ್ನೆಲ್ಲ ಓದಿ ಹೇಳುವ ತಂತ್ರಾಂಶವೊಂದನ್ನು ಹಾಕಿಕೊಂಡರೆ ನಮ್ಮಂಥವರು ಯಾರ ಹಂಗೂ ಇಲ್ಲದೆ ಓದಬಹುದು, ಬರೆಯಬಹುದು. ಆ ದನಿ ನಿಂತುಹೋದರೆ ಮಾತ್ರ ಕಂಪ್ಯೂಟರ್ ನಮಗೆ ಒಂದು ತಗಡಿನ ಡಬ್ಬ.

ನಮ್ಮದು ತುರುವೇಕೆರೆ ತಾಲ್ಲೂಕು. ಸಂಪಿಗೆಯ ಕಡೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ತೋಟದ ನಡುವೆ ನಮ್ಮ ಮನೆ. ಊರು ಒಂದು ಕಿಲೋಮೀಟರ್ ದೂರ. ಮನೆಯಲ್ಲಿ ಅಣ್ಣ, ಅತ್ತಿಗೆ, ಅವರ ಮಗಳು ಮತ್ತು ನಾನು. ಅಂದು ಹಾಲ್ಕುರಿಕೆಯಲ್ಲಿ ಅತ್ತಿಗೆಯ ತಂಗಿಗೆ ಸೀಮಂತ. ನಾನು ಒಬ್ಬಳೇ ಇರುತ್ತೇನಲ್ಲ ಎಂದು ಅತ್ತಿಗೆ ಹಿಂದೆ ಮುಂದೆ ನೋಡಿದಾಗ ನಾನೇ ಒತ್ತಾಯ ಮಾಡಿ ಕಳಿಸಿದೆ. ಮನೆ ನಿಶ್ಶಬ್ದವಾಗಿದ್ದರೆ ಸಂದರ್ಶನಕ್ಕೆ ಒಳ್ಳೆಯದು ಎಂದೆ. ಎಂಟು ಗಂಟೆಗೆಲ್ಲ ಅವರು ಹೊರಟರು.

ಹಿಂದಿನ ಸಂಜೆ ಕಂಪ್ಯೂಟರ್ ಮುಚ್ಚುವಾಗ ಹೊಸ ಅಪ್‌ಡೇಟ್ ಬಂದಿದೆ ಎಂದು ಅದು ಹೇಳಿತ್ತು. ಸಂದರ್ಶನದ ಮಧ್ಯೆ ಅದು ಅಡ್ಡ ಬಂದು ತೊಂದರೆ ಕೊಡದಿರಲಿ, ಈಗಲೇ ಮುಗಿದುಹೋಗಲಿ ಎಂದು ಒಪ್ಪಿಗೆ ಕೊಟ್ಟು ಮಲಗಿದ್ದೆ. ಬುದ್ಧಿವಂತಿಕೆ ಮಾಡಿದೆ ಅಂದುಕೊಂಡಿದ್ದೆ.

ಬೆಳಿಗ್ಗೆ ಹತ್ತೂಕಾಲಿಗೆ, ಪಾಠವನ್ನು ಕೊನೆಯ ಸಲ ನೋಡಿಕೊಳ್ಳೋಣ ಎಂದು ಗುಂಡಿ ಒತ್ತಿದೆ. ಅದರೊಳಗಿನ ಫ್ಯಾನ್ ತಿರುಗುವ ಸದ್ದು ಬಂತು. ಸಾಮಾನ್ಯವಾಗಿ ಅರ್ಧ ನಿಮಿಷಕ್ಕೆ ದನಿ ಮಾತಾಡುತ್ತದೆ. ಅಂದು ಮಾತಾಡಲಿಲ್ಲ. ಒಂದು ನಿಮಿಷ ಕಾದೆ. ಫ್ಯಾನ್ ಇದ್ದಕ್ಕಿದ್ದಂತೆ ನಿಂತು, ಮತ್ತೆ ಜೋರಾಗಿ ತಿರುಗಿತು. ತಾನಾಗಿಯೇ ಆರಿ ತಾನಾಗಿಯೇ ಹೊತ್ತಿಕೊಂಡಿದೆ ಎಂದು ತಿಳಿಯಿತು. ಹಾಗೇ ಮೂರು ಸಲ ಆಯಿತು. ನಾಲ್ಕನೆಯ ಸಲ ಫ್ಯಾನ್ ಒಂದೇ ಸಮನೆ ಓಡುತ್ತಾ ಉಳಿಯಿತು. ಪರದೆಯ ಮೇಲೆ ಏನೋ ಬಂದು ನಿಂತಿದೆ, ಅದು ನನ್ನಿಂದ ಏನೋ ಕೇಳುತ್ತಿದೆ, ಏನೆಂದು ನನಗೆ ಗೊತ್ತಾಗುವಂತಿಲ್ಲ. ದನಿ ಎಬ್ಬಿಸುವ ಕೀಗಳನ್ನೆಲ್ಲ ಒತ್ತಿದೆ. ಒಂದಕ್ಕೂ ಉತ್ತರ ಬರಲಿಲ್ಲ.

ಒಳ್ಳೆಯ ಫೋನ್ ಇದ್ದಿದ್ದರೆ ಇಷ್ಟು ಕಷ್ಟವಿರಲಿಲ್ಲ. ಫೋನಿನ ಕ್ಯಾಮೆರಾ ಪರದೆಯ ಮುಂದೆ ಹಿಡಿದರೆ ಅದೇ ಓದಿ ಹೇಳುತ್ತದೆ. ಆದರೆ ನನ್ನ ಫೋನ್ ಎರಡು ದಿನದ ಹಿಂದೆ, ಹಸುವಿಗೆ ನೀರು ಕುಡಿಸಲು ಹೋದಾಗ, ಕೊಟ್ಟಿಗೆಯ ನೀರಿನ ಬಾನಿಗೆ ಬಿದ್ದು ತಿಪಟೂರಿನ ರಿಪೇರಿ ಅಂಗಡಿ ಸೇರಿತ್ತು. ನನ್ನ ಕೈಯಲ್ಲಿದ್ದದ್ದು ಅಣ್ಣನ ಹಳೆಯ ಬಟನ್ ಫೋನ್. ಅದರಲ್ಲಿ ಮಾತಾಡಬಹುದಿತ್ತು, ಅಷ್ಟೇ.

ನನ್ನ ಜೊತೆ ಅಂಧರ ಶಾಲೆಯಲ್ಲಿ ಓದಿದ ಸವಿತಾಗೆ ಫೋನ್ ಮಾಡಿದೆ. ಅವಳಿಗೂ ಕಣ್ಣಿಲ್ಲ, ಹಾಸನದಲ್ಲಿ ಕಂಪ್ಯೂಟರ್ ಟೀಚರ್. ನಾನು ಹೇಳಿದ ಸದ್ದುಗಳನ್ನು ಕೇಳಿಯೇ ಅವಳಿಗೆ ರೋಗ ಗೊತ್ತಾಯಿತು. ಆ ಅಪ್‌ಡೇಟಿನಲ್ಲೇ ಏನೋ ದೋಷವಿದೆಯಂತೆ, ಅವಳ ಶಾಲೆಯಲ್ಲೂ ಎರಡು ಕಂಪ್ಯೂಟರ್ ಹಾಗೇ ಮಲಗಿದ್ದವಂತೆ. ಆ ಅಪ್‌ಡೇಟನ್ನು ತೆಗೆದುಹಾಕಿದರೆ ಸರಿಹೋಗುತ್ತದೆ ಎಂದು ಹೇಳಿ, ಎಲ್ಲಿಂದ ಎಲ್ಲಿಗೆ ಹೋಗಬೇಕು ಎನ್ನುವುದನ್ನು ಬಾಯಿಪಾಠದ ಹಾಗೆ ಒಪ್ಪಿಸಿದಳು. ಮೊದಲ ಪರದೆಯಲ್ಲಿ ಎರಡು ಗುಂಡಿ, ಎರಡನೆಯದನ್ನು ಒತ್ತಬೇಕು. ಆಮೇಲೆ ಮೂರು ಚೌಕ, ನಡುವಿನದು. ಆಮೇಲೆ ಎರಡು ಚೌಕ, ಅದರಲ್ಲಿ ಕೆಳಗಿನದು, 'ಅಡ್ವಾನ್ಸ್‌ಡ್ ಆಪ್ಷನ್ಸ್' ಎಂದಿರುವುದು. ಅದರೊಳಗೆ ಆರು ಚೌಕ ಬರುತ್ತವೆ, ಅವುಗಳಲ್ಲಿ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಹುಡುಕಬೇಕು. ತನ್ನ ಶಾಲೆಯ ಕಂಪ್ಯೂಟರಿನಲ್ಲಿ ಅದು ಎರಡನೆಯದಾಗಿತ್ತು ಎಂದಳು.

ಕೊನೆಗೆ ಅವಳು ಒಂದು ಮಾತನ್ನು ಎರಡು ಸಲ ಹೇಳಿದಳು. "ಆ ಮೂರನೇ ಪರದೆಲಿ ಮೇಲಿನ ಚೌಕ ರೀಸೆಟ್ ಅಂತ ಇರುತ್ತೆ ಮಂಜು. ಅದರೊಳಗೆ ಮಾತ್ರ ಹೋಗಬೇಡ. ಅಲ್ಲಿ ಎಲ್ಲ ಅಳಿಸಿಹಾಕೋ ಆಯ್ಕೆ ಇದೆ. ಯಾರಾದ್ರೂ ಕಣ್ಣಿರೋರನ್ನ ಪಕ್ಕದಲ್ಲಿ ಕೂರಿಸ್ಕೊ."

ಆ ಕಂಪ್ಯೂಟರಿನಲ್ಲಿ ಏನೇನಿತ್ತು ಎಂದು ಹೇಳಬೇಕು. ಅಂದಿನ ಪಾಠ ಇತ್ತು. ಅದಕ್ಕಿಂತ ಹೆಚ್ಚಾಗಿ, ಏಳು ವರ್ಷಗಳಿಂದ ನಾನು ಒಂದೊಂದೇ ಪುಟ ಬೆರಳಚ್ಚು ಮಾಡಿ, ತಿದ್ದಿ, ನಮ್ಮಂಥ ಮಕ್ಕಳು ಕೇಳಿಸಿಕೊಂಡು ಓದುವಂತೆ ಮಾಡಿಟ್ಟ ಪಠ್ಯಗಳೂ ನೋಟ್ಸುಗಳೂ ಇದ್ದವು. ಅತ್ತಿಗೆ ಸಂಜೆ ಹೊತ್ತು ಅನ್ನಕ್ಕಿಟ್ಟು ಬಂದು ಪುಸ್ತಕ ಓದಿ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಇನ್ನೊಂದು ಕಡೆ ಪ್ರತಿ ಇಡಬೇಕು ಎಂದು ಎಲ್ಲರಿಗೂ ಬುದ್ಧಿ ಹೇಳುವ ನಾನು, ನನ್ನದನ್ನು ನಾಳೆ ಇಡೋಣ, ನಾಡಿದ್ದು ಇಡೋಣ ಎಂದು ಮುಂದೂಡುತ್ತಲೇ ಬಂದಿದ್ದೆ.

ಸವಿತಾಗೆ ಹನ್ನೊಂದು ಗಂಟೆಗೆ ತರಗತಿ. ಮಧ್ಯಾಹ್ನ ಒಂದು ಗಂಟೆಯವರೆಗೆ ಫೋನ್ ಎತ್ತಲಾರೆ ಎಂದು ಹೇಳಿ ಹೋದಳು.

ಕಣ್ಣಿರುವವರು ಎಂದರೆ ಹತ್ತಿರದಲ್ಲಿ ಇದ್ದದ್ದು ಒಬ್ಬಳೇ, ಗಂಗಕ್ಕ. ನಮ್ಮ ಕೊಬ್ಬರಿ ಅಟ್ಟದ ಕೆಳಗೆ ಕೂತು ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುತ್ತಿದ್ದಳು. ಬೆಳಿಗ್ಗೆಯಿಂದ ಅವಳ ಕತ್ತಿಯ ಟಕ್ ಟಕ್ ಸದ್ದು ಕೇಳುತ್ತಲೇ ಇತ್ತು. ಅರವತ್ತು ದಾಟಿದ ಹೆಂಗಸು. ನಮ್ಮ ಮನೆಯ ಕೆಲಸಕ್ಕೆ ಬಂದು ಎಷ್ಟೋ ವರ್ಷವಾಗಿದ್ದರೂ ನನಗೂ ಅವಳಿಗೂ ಮಾತು ಕಡಿಮೆ. ತಪ್ಪು ನನ್ನದೇ. ನಾನು ಹಾದುಹೋಗುವಾಗಲೆಲ್ಲ ಅವಳು ಪಕ್ಕದವರ ಹತ್ತಿರ, ಪಾಪ ಎಂಥಾ ಹೆಣ್ಣುಮಗ, ದೇವರು ಕಣ್ಣು ಕಿತ್ಕಂಡ ಎಂದು ಅನ್ನುತ್ತಿದ್ದಳು. ಅವಳು ಮೆಲ್ಲಗೆ ಹೇಳಿದರೂ ನನ್ನ ಕಿವಿಗೆ ಬೀಳುತ್ತಿತ್ತು. ಆ 'ಪಾಪ' ಎನ್ನುವ ಮಾತು ನನ್ನ ಮೈ ಉರಿಸುತ್ತಿತ್ತು. ಹಾಗಾಗಿ ಅವಳನ್ನು ಕಂಡರೆ ನಾನು ಬಿಗಿಯಾಗಿಯೇ ಇರುತ್ತಿದ್ದೆ.

ಅಂದು ಬೇರೆ ದಾರಿ ಇರಲಿಲ್ಲ. ಗೋಡೆ ಹಿಡಿದು ಅಂಗಳಕ್ಕೆ ಹೋಗಿ, ಸ್ವಲ್ಪ ಒಳಗೆ ಬರುತ್ತೀಯಾ, ಕಂಪ್ಯೂಟರ್ ನೋಡಿ ಏನು ಬರೆದಿದೆ ಹೇಳಬೇಕು ಎಂದೆ. ಕತ್ತಿಯ ಸದ್ದು ನಿಂತಿತು. ಅವಳು ಕೂಡಲೇ ಏಳಲಿಲ್ಲ. ಅಣ್ಣೋರು ಬಂದ ಮೇಲೆ ನೋಡಿದರಾಗದಾ ಎಂದು ಕೇಳಿದಳು. ಆಗುವುದಿಲ್ಲ, ಎರಡೂವರೆಯೊಳಗೆ ಆಗಬೇಕು, ಇಲ್ಲದಿದ್ದರೆ ಕೆಲಸ ಕೈ ತಪ್ಪುತ್ತದೆ ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹಿಂದೆ ಬಂದಳು.

ಕುರ್ಚಿ ಕೊಟ್ಟರೂ ಅವಳು ನನ್ನ ಎದುರಿಗೆ, ಪರದೆಯ ಮಗ್ಗುಲಲ್ಲಿ ನಿಂತೇ ಇದ್ದಳು. ಪರದೆ ಹೇಗಿದೆ ಎಂದು ಕೇಳಿದೆ. ನೀಲಿ ಬಣ್ಣ, ಬಿಳಿ ಅಕ್ಷರ ಎಂದಳು. ಕೆಳಗೆ ಗುಂಡಿಯಂಥದ್ದು ಎಷ್ಟಿವೆ ಎಂದಾಗ ಎರಡು ಎಂದಳು. ಸವಿತಾ ಹೇಳಿದ್ದಕ್ಕೆ ಸರಿಯಾಗಿತ್ತು. ಎರಡನೆಯದಕ್ಕೆ ಹೋಗಿ ಎಂಟರ್ ಒತ್ತಿದೆ. ಮೂರು ಚೌಕ ಬಂದವು. ನಡುವಿನದನ್ನು ಒತ್ತಿದೆ. ಎರಡು ಚೌಕ ಬಂದವು. ನನಗೆ ಧೈರ್ಯ ಬಂತು.

ಕೆಳಗಿನ ಬಾಣದ ಕೀ ಒತ್ತಿ, ಆಯ್ದ ಚೌಕದ ಸುತ್ತ ಬರುವ ಬಿಳಿ ಗೆರೆ ಈಗ ಯಾವುದರ ಸುತ್ತ ಇದೆ, ಅಡ್ವಾನ್ಸ್‌ಡ್ ಎಂದು ಬರೆದಿರುವುದರ ಮೇಲೆ ತಾನೇ ಎಂದು ಕೇಳಿದೆ. ಅವಳು ಒಂದು ಗಳಿಗೆ ತಡೆದು "ಹೂಂ" ಎಂದಳು. ಎಂಟರ್ ಒತ್ತಿದೆ. ಮುಂದಿನದು ನನಗೆ ಬಾಯಿಪಾಠವಾಗಿತ್ತು. ಬಾಣ ಒಂದು ಸಲ, ಎಂಟರ್. ಬಾಣ ಒತ್ತಿದೆ. ಅನ್‌ಇನ್‌ಸ್ಟಾಲ್ ಅಂತ ಬರೆದಿದೆಯಾ ಎಂದು ಕೇಳಿದೆ. ಮತ್ತೆ "ಹೂಂ" ಎಂದಳು. ಬೆರಳು ಎಂಟರ್ ಮೇಲೆ ಇಟ್ಟೆ.

ಯಾಕೆ ಕೇಳಿದೆನೋ ಗೊತ್ತಿಲ್ಲ. ಆ 'ಹೂಂ' ಸ್ವಲ್ಪ ಬೇಗ ಬಂದಿತ್ತು ಅನ್ನಿಸಿರಬೇಕು. ಬೆರಳು ಎತ್ತದೆಯೇ, ಇಲ್ಲಿ ಒಟ್ಟು ಎಷ್ಟು ಚೌಕ ಇವೆ ಎಂದೆ.

"ಎರಡು."

"ಸರಿಯಾಗಿ ನೋಡು ಗಂಗಕ್ಕ. ಆರು ಇರಬೇಕು."

"ಇಲ್ಲ ಕಣವ್ವ. ಎರಡೇ ಅವೆ."

ಎರಡೇ ಚೌಕ ಇರುವುದು ರೀಸೆಟ್ ಒಳಗೆ. ಒಂದು, ಕಡತಗಳನ್ನು ಉಳಿಸಿಕೊ ಎನ್ನುವುದು. ಇನ್ನೊಂದು, ಎಲ್ಲವನ್ನೂ ತೆಗೆದುಹಾಕು ಎನ್ನುವುದು. ಬಾಣದ ಕೀ ಹಿಂದಿನ ಪರದೆಯಲ್ಲಿ ತಾಗಿರಲಿಲ್ಲ, ಇಲ್ಲಿ ತಾಗಿತ್ತು. ನನ್ನ ಬೆರಳಿನ ಕೆಳಗೆ ಇದ್ದದ್ದು ಆ ಎರಡನೆಯದು. ಅದನ್ನು ಒತ್ತಿದ ಮೇಲೂ ಅದು ಒಂದೆರಡು ಸಲ ಖಚಿತವೇ ಎಂದು ಕೇಳುತ್ತಿತ್ತು ಎಂದು ಸವಿತಾ ಆಮೇಲೆ ಸಮಾಧಾನ ಹೇಳಿದಳು. ಆದರೆ ಅಪ್‌ಡೇಟ್ ತೆಗೆಯುವಾಗಲೂ ಹಾಗೇ ಕೇಳುತ್ತದೆ. ನಾನು ಖಂಡಿತ ಪ್ರತಿ ಸಲವೂ ಎಂಟರ್ ಒತ್ತುತ್ತಿದ್ದೆ.

ಕೈಯನ್ನು ಕೀಲಿಮಣೆಯಿಂದ ದೂರ ಎಳೆದುಕೊಂಡೆ. ಹೆದರಿಕೆಯೆಲ್ಲ ಸಿಟ್ಟಾಗಿ ಬಾಯಿಗೆ ಬಂತು.

"ಕಣ್ಣಿದ್ದೂ ಕಾಣಲ್ವಾ ನಿಂಗೆ?" ಎಂದೆ.

ಅವಳು ಅಲ್ಲೇ ನಿಂತಿದ್ದಾಳೋ ಹೊರಟುಹೋದಳೋ ಎಂದು ನನಗೆ ತಿಳಿಯಲಿಲ್ಲ. ಆಮೇಲೆ ಅವಳ ದನಿ ಬಂತು. ಅದರಲ್ಲಿ ಸಿಟ್ಟಿರಲಿಲ್ಲ.

"ಕಾಣ್ತದೆ ಕಣವ್ವ. ಓದಕ್ಕೆ ಬರಲ್ಲ."

ಇಂಗ್ಲಿಷ್ ಬರುವುದಿಲ್ಲ ಎನ್ನುತ್ತಿದ್ದಾಳೆ ಎಂದುಕೊಂಡೆ. ಅಲ್ಲ. ಯಾವ ಅಕ್ಷರವೂ ಬರುವುದಿಲ್ಲ, ಕನ್ನಡವೂ ಇಲ್ಲ. ಅಂಕಿ ಮಾತ್ರ ಗೊತ್ತು, ತಕ್ಕಡಿಯಿಂದ ಕಲಿತದ್ದು. ಅಷ್ಟು ವರ್ಷ ನಮ್ಮ ಅಂಗಳದಲ್ಲಿ ಕೆಲಸ ಮಾಡಿದವಳ ಬಗ್ಗೆ ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಹೇಳಬಾರದಿತ್ತಾ ಎಂದು ಕೇಳಿದ್ದಕ್ಕೆ, ನೀನು ಕರೆದಾಗ ಬಾಯಿ ಬರಲಿಲ್ಲ ಎಂದಳು.

ತಲೆ ಹಿಡಿದುಕೊಂಡು ಕೂತೆ. ಕೈಗಡಿಯಾರದ ಗುಂಡಿ ಒತ್ತಿದರೆ ಅದು ಹನ್ನೊಂದು ಮುಕ್ಕಾಲು ಎಂದು ಹೇಳಿತು. ಊರಿಗೆ ಕಳಿಸಿ ಓದು ಬರುವವರನ್ನು ಕರೆಸೋಣವೆಂದರೆ, ಅವಳು ನಡೆದು ಹೋಗಿ ಯಾರನ್ನೋ ಹುಡುಕಿ ಕರೆತರಲು ಒಂದು ಗಂಟೆ ಬೇಕು. ಅಷ್ಟು ಹೊತ್ತಿನಲ್ಲಿ ಮನೆಯಲ್ಲಿ ಇರುವವರಾದರೂ ಯಾರು.

ಆಗ ಗಂಗಕ್ಕ, ನಿಂಗೆ ಅಕ್ಷರ ಗೊತ್ತೈತಲ್ಲವ್ವ ಎಂದಳು. ಗೊತ್ತು ಎಂದೆ. ಐದನೇ ತರಗತಿಯಲ್ಲಿ ನಾಲ್ಕು ಗೆರೆಯ ಪುಸ್ತಕದಲ್ಲಿ ತಿದ್ದಿದ ಎಬಿಸಿಡಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿತ್ತು.

"ಹಂಗಾರೆ ನಾನು ನೋಡಿದ್ದ ನಿನ್ ಕೈ ಮ್ಯಾಲೆ ಬರೀತೀನಿ. ನೀನೇ ಓದ್ಕೊ," ಎಂದಳು.

ನಾನು ಅಂಗೈ ಚಾಚಿದೆ.

ಮೊದಲು ಕಂಪ್ಯೂಟರನ್ನು ಆ ಜಾಗದಿಂದ ಹೊರಗೆ ತರಬೇಕಿತ್ತು. ಯಾವ ಕೀ ಒತ್ತಲೂ ಧೈರ್ಯವಾಗಲಿಲ್ಲ. ಗುಂಡಿಯನ್ನು ಒತ್ತಿ ಹಿಡಿದು ಆರಿಸಿಬಿಟ್ಟೆ. ಮತ್ತೆ ಹೊತ್ತಿಸಿದಾಗ ಅದು ಹಿಂದಿನಂತೆಯೇ ಎದ್ದು ಬಿದ್ದು ಎದ್ದು ಬಿದ್ದು, ನೀಲಿ ಪರದೆಗೆ ಬರುವ ಹೊತ್ತಿಗೆ ಹನ್ನೆರಡು ದಾಟಿತ್ತು.

ಈ ಸಲ ಅವಸರ ಮಾಡಲಿಲ್ಲ. ಪ್ರತಿ ಬಾಣಕ್ಕೂ ಬಿಳಿ ಗೆರೆ ಎಲ್ಲಿದೆ ಎಂದು ಕೇಳಿದೆ, ಪ್ರತಿ ಚೌಕದ ಮೊದಲ ಅಕ್ಷರವನ್ನು ಬರೆಸಿಕೊಂಡೆ. ಅವಳ ಬೆರಳು ಕರಟದಂತೆಯೇ ಒರಟು. ಎರಡು ಚೌಕದ ಪರದೆಯಲ್ಲಿ ಮೇಲಿನದಕ್ಕೆ ಒಂದು ಕೋಲು, ಅದರ ಪಕ್ಕ ಹೊಟ್ಟೆ, ಕೆಳಗೆ ಒಂದು ಕಾಲು ಎಳೆದಳು. ಆರ್. ರೀಸೆಟ್. ಕೆಳಗಿನದಕ್ಕೆ ಗುಡಿಸಲಿನ ಸೂರಿನ ಹಾಗೆ ಎರಡು ಗೆರೆ, ನಡುವೆ ಅಡ್ಡ ಗೆರೆ. ಎ. ಬಾಣ ಒತ್ತಿದೆ. ಬಿಳಿ ಗೆರೆ ಇನ್ನೂ ಮೇಲೇ ಐತೆ ಎಂದಳು. ಮತ್ತೊಮ್ಮೆ ಒತ್ತಿದೆ. ಈಗ ಕೆಳಕ್ಕೆ ಬಂತು ಎಂದಳು. ಎಂಟರ್ ಒತ್ತಿ, ಎಷ್ಟು ಚೌಕ ಎಂದೆ. ಅವಳು ಬೆರಳಿಟ್ಟು ಎಣಿಸಿದಳು. ಆರು.

ಆ ಆರರಲ್ಲಿ ನಮಗೆ ಬೇಕಾದದ್ದು ಯು ಅಕ್ಷರದಿಂದ ಶುರುವಾಗುವುದು. ಒಂದೊಂದನ್ನೇ ಬರೆಸಿಕೊಂಡೆ. ಒಂದು ಹಾವು ಮಲಗಿದ ಹಾಗೆ, ಅದು ಎಸ್. ಮುಂದಿನದೂ ಹಾವೇ. ಒಂದು ಕುಡುಗೋಲಿನ ಹಾಗೆ, ಅದು ಸಿ. ಯು ಮಾತ್ರ ಸಿಗಲೇ ಇಲ್ಲ. ಒಂದು ಚೌಕಕ್ಕೆ ಅವಳು ಬಾಗಿಲ ಕಮಾನಿನ ಹಾಗೆ ಏನೋ ಎಳೆದಳು. ಅಂಥ ಅಕ್ಷರದಿಂದ ಶುರುವಾಗುವುದು ಅಲ್ಲಿ ಏನೂ ಇರಬಾರದು. ಮೂರು ಸಲ ಬರೆಸಿದೆ, ಮೂರು ಸಲವೂ ಕಮಾನು. ಸವಿತಾ ಹೇಳಿದ್ದೇ ತಪ್ಪಾಯಿತೇನೋ ಅನ್ನಿಸಿತು. ಗಂಗಕ್ಕ ತಾಳ್ಮೆಯಿಂದ, ಎತ್ತಿನ ಕೋಡಿದ್ದಂಗೆ ಐತೆ ಕಣವ್ವ ಎಂದಳು. ಕೋಡು ಎಂದರೆ ಮೇಲಕ್ಕೆ ಇರಬೇಕಲ್ಲ! ಅವಳು ನನ್ನ ಎದುರಿಗೆ ನಿಂತು ಬರೆಯುತ್ತಿದ್ದಳು, ಅದಕ್ಕೇ ಅಕ್ಷರ ನನಗೆ ತಲೆಕೆಳಗಾಗಿ ಸಿಗುತ್ತಿತ್ತು. ಉಳಿದವನ್ನು ಹೇಗೋ ಊಹೆಯಲ್ಲಿ ಗುರುತಿಸಿಕೊಂಡಿದ್ದೆ. ಅವಳನ್ನು ನನ್ನ ಬಲಕ್ಕೆ ಕರೆದು ಕೂರಿಸಿಕೊಂಡೆ. ಅಲ್ಲಿಂದ ಮುಂದೆ ಅವಳು ಕೂತೇ ಇದ್ದಳು.

ಕೋಡು ಒಂದಲ್ಲ, ಎರಡು ಚೌಕದ ಮೇಲೆ ಇತ್ತು. ಮೊದಲ ಅಕ್ಷರ ಎರಡಕ್ಕೂ ಯು. ಎರಡನೆಯ ಅಕ್ಷರ ಬರೆಸಿದೆ. ಒಂದಕ್ಕೆ ಕೋಲು ನಿಲ್ಲಿಸಿ ಮೂರು ಹಲ್ಲು ಎಳೆದಳು, ಅದು ದೊಡ್ಡ ಇ. ಅದು ನಮ್ಮದಲ್ಲ. ಇನ್ನೊಂದಕ್ಕೆ ಸಣ್ಣ ಕಮಾನು, ಎನ್. ಅದೇ. ಅದು ಸವಿತಾ ಹೇಳಿದ್ದಂತೆ ಎರಡನೆಯದಲ್ಲ, ನಾಲ್ಕನೆಯದಾಗಿತ್ತು.

ಒಳಗೆ ಹೋದರೆ ಮತ್ತೆ ಎರಡು ಸಾಲು. ಸವಿತಾ ಇದನ್ನೂ ಹೇಳಿದ್ದಳು: ಒಂದು ಸಣ್ಣ ಅಪ್‌ಡೇಟ್ ತೆಗೆಯುವುದು, ಅದರಲ್ಲಿ 'ಕ್ವಾಲಿಟಿ' ಎಂಬ ಪದ ಇರುತ್ತದೆ. ಇನ್ನೊಂದು ದೊಡ್ಡದು, ಅದರಲ್ಲಿ 'ಫೀಚರ್' ಇರುತ್ತದೆ. ನಮಗೆ ಕ್ವಾಲಿಟಿ ಬೇಕು. ಮೂರನೆಯ ಪದದ ಮೊದಲ ಅಕ್ಷರ ಬರೆ ಎಂದೆ. ಪದ ಎಂದರೆ ಎಲ್ಲಿಂದ ಎಲ್ಲಿಗೆ ಎಂದು ಅವಳಿಗೆ ತಿಳಿಯಲಿಲ್ಲ. ಅಕ್ಷರಗಳ ನಡುವೆ ಎಲ್ಲಿ ಖಾಲಿ ಜಾಗ ಇದೆಯೋ ಅಲ್ಲಿಗೆ ಒಂದು ಪದ ಮುಗಿಯುತ್ತದೆ ಎಂದು ಹೇಳಿದೆ. ಎರಡು ಖಾಲಿ ಜಾಗ ದಾಟಿ ಅವಳು ಒಂದು ಬಳೆ ಬರೆದು, ಅದರ ಬಲಗಡೆಯಿಂದ ಕೆಳಕ್ಕೆ ಬಾಲ ಇಳಿಸಿದಳು. ಕ್ಯೂ. ಬಿಳಿ ಗೆರೆ ಅದರ ಮೇಲೇ ಇದೆಯಾ ಎಂದು ಎರಡು ಸಲ ಕೇಳಿದೆ. ಅವಳು ಎರಡು ಸಲವೂ ನಿಧಾನವಾಗಿ ನೋಡಿಯೇ ಹೇಳಿದಳು. ಎಂಟರ್ ಒತ್ತಿದೆ. ಆಮೇಲೆ ಬಂದ ಗುಂಡಿಯ ಮೊದಲ ಅಕ್ಷರವನ್ನೂ ಬರೆಸಿಕೊಂಡು, ಅದೂ ಯು ಎಂದು ಖಾತ್ರಿಯಾದ ಮೇಲೆ ಇನ್ನೊಮ್ಮೆ ಎಂಟರ್ ಒತ್ತಿದೆ. ಗಂಟೆ ಹನ್ನೆರಡೂವರೆ.

ಅದು ಸುಲಭಕ್ಕೆ ಮುಗಿಯಲಿಲ್ಲ. ಚುಕ್ಕಿಗಳು ಸುತ್ತುತ್ತಾ ಇವೆ ಎಂದು ಗಂಗಕ್ಕ ಹೇಳುತ್ತಿದ್ದಳು. ಕಾಲು ಗಂಟೆ ಕಳೆದ ಮೇಲೆ ಫ್ಯಾನ್ ನಿಂತು ಮತ್ತೆ ಓಡಿತು. ಈಗ ಪರದೆಯ ಮೇಲೆ ಅಂಕಿ ಬಂದಿತು. ಅಂಕಿ ಅವಳಿಗೆ ಗೊತ್ತಿತ್ತು. ಹತ್ತು ಎಂದಳು. ಹದಿನೆಂಟು. ಮೂವತ್ತು. ಮೂವತ್ತರಲ್ಲಿ ಬಹಳ ಹೊತ್ತು ನಿಂತಿತು.

ಒಂದು ಗಂಟೆ ಐದು ನಿಮಿಷಕ್ಕೆ ಕರೆಂಟ್ ಹೋಯಿತು.

ನನಗೆ ಗೊತ್ತಾದದ್ದು ಮೇಜಿನ ಕೆಳಗಿನ ಯುಪಿಎಸ್ ಕೂಗಿದಾಗ. ಅದರ ಬ್ಯಾಟರಿ ಹಳೆಯದು. ಚೆನ್ನಾಗಿದ್ದರೆ ಹತ್ತು ನಿಮಿಷ ತಡೆಯುತ್ತದೆ, ಇಲ್ಲದಿದ್ದರೆ ಅದೂ ಇಲ್ಲ. ಈ ಕೆಲಸದ ನಡುವೆ ಕಂಪ್ಯೂಟರ್ ಆರಿದರೆ ಆಮೇಲೆ ಅದು ಏಳುತ್ತದೆ ಎನ್ನುವ ಭರವಸೆಯಿಲ್ಲ. ಮಾಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಎಷ್ಟಾಯಿತು, ಎಷ್ಟಾಯಿತು ಎಂದು ಕೇಳುವುದೊಂದೇ. ಮೂವತ್ತು. ಮೂವತ್ತು. ಮೂವತ್ತೈದು. ಕೂಗುಗಳ ನಡುವಿನ ಅಂತರ ಕಡಿಮೆಯಾಗುತ್ತಾ ಬಂತು. ನಾನು ಗಂಗಕ್ಕನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ, ಯಾವಾಗ ಹಿಡಿದುಕೊಂಡೆನೋ ಗೊತ್ತಿಲ್ಲ. ಅರವತ್ತೆರಡು. ಎಪ್ಪತ್ನಾಲ್ಕು. ಅವಳ ದನಿಯೂ ಈಗ ಮೆಲ್ಲಗಾಗಿತ್ತು. ತೊಂಬತ್ತು ಎಂದಳು. ಆಮೇಲೆ, ಅಂಕಿ ಹೋಯ್ತು, ಎಲ್ಲ ಕರಿ ಆಯ್ತು ಎಂದಳು.

ಆರಿಹೋಯಿತು ಅಂದುಕೊಂಡೆ. ಆದರೆ ಫ್ಯಾನ್ ಇನ್ನೂ ತಿರುಗುತ್ತಿತ್ತು. ಯುಪಿಎಸ್ ಈಗ ಬಿಡದೆ ಕೂಗುತ್ತಿತ್ತು. ಆ ಕೂಗಿನ ನಡುವೆ ನನ್ನ ಕಂಪ್ಯೂಟರಿನ ದನಿ, ಎಂದಿನ ಆ ಒಣ ದನಿ, ಗಂಟೆ ಎಷ್ಟೆಂದು ಹೇಳಿ ಪಾಸ್‌ವರ್ಡ್ ಕೇಳಿತು.

ಅಳು ಬಂತು. ಅಳುತ್ತಲೇ ಪಾಸ್‌ವರ್ಡ್ ಹೊಡೆದು, ಒಳಗೆ ಹೋಗಿ, ನನ್ನ ಕಡತಗಳ ಮೇಲೆ ಒಂದು ಸಲ ಬಾಣ ಓಡಿಸಿದೆ. ದನಿ ಒಂದೊಂದೇ ಹೆಸರು ಓದಿತು. ಎಲ್ಲ ಇತ್ತು. ಹೊಸ ಅಪ್‌ಡೇಟ್ ತಾನಾಗಿ ಬಾರದಂತೆ ತಡೆದು, ಯುಪಿಎಸ್ ಪೂರ್ತಿ ಸಾಯುವ ಮೊದಲೇ ನಾನೇ ಸರಿಯಾಗಿ ಮುಚ್ಚಿದೆ.

ಇನ್ನು ಕರೆಂಟಿಗೆ ಕಾಯುವುದು. ಸಂದರ್ಶನಕ್ಕೆ ಒಂದು ಗಂಟೆಯಿತ್ತು. ಗಂಗಕ್ಕ ಕೆಲಸಕ್ಕೆ ಹೋಗಬಹುದಿತ್ತು, ಹೋಗಲಿಲ್ಲ. ಅಡುಗೆಮನೆಯಿಂದ ನೀರು ತಂದುಕೊಟ್ಟು ಪಕ್ಕದಲ್ಲೇ ಕೂತಳು. ನಾನು ಕೇಳದಿದ್ದರೂ ಅವಳೇ ಮಾತು ತೆಗೆದಳು. ಚಿಕ್ಕವಳಿದ್ದಾಗ ಸ್ಕೂಲಿಗೆ ಹೋದದ್ದು ನಾಲ್ಕೇ ದಿನವಂತೆ, ಐದನೇ ದಿನಕ್ಕೆ ತಮ್ಮ ಹುಟ್ಟಿದ, ಅವನನ್ನು ಎತ್ತಿಕೊಳ್ಳಲು ಬಿಡಿಸಿದರು. ಒಂದು ಸಲ ತಿಪಟೂರಿನಲ್ಲಿ ತುರುವೇಕೆರೆ ಬಸ್ಸು ಎಂದುಕೊಂಡು ಹುಳಿಯಾರಿನ ಬಸ್ಸು ಹತ್ತಿದಳಂತೆ. ದಾರಿ ಬೇರೆ ಎಂದು ಗೊತ್ತಾದರೂ ಕೇಳಲು ನಾಚಿಕೆಯಾಗಿ ಹುಳಿಯಾರಿನವರೆಗೂ ಸುಮ್ಮನೆ ಕೂತಿದ್ದು, ಮನೆಗೆ ಬಂದಾಗ ಕತ್ತಲು. ಬಸ್ಸು ಕೆಟ್ಟಿತ್ತು ಎಂದು ಗಂಡನಿಗೆ ಹೇಳಿದಳಂತೆ. ಇವತ್ತಿಗೂ ಅವನಿಗೆ ಅದು ಗೊತ್ತಿಲ್ಲ, ನೀನು ಹೇಳಬೇಡ ಎಂದಳು.

ಆಮೇಲೆ ಅವಳು, "ನನ್ನೆಸ್ರು ಹೆಂಗೆ ಬರೀತಾರವ್ವ?" ಎಂದು ಕೇಳಿದಳು.

ನಾನು ಕನ್ನಡವನ್ನು ಕೈಯಲ್ಲಿ ಬರೆದು ಇಪ್ಪತ್ತು ವರ್ಷದ ಮೇಲಾಗಿತ್ತು. ಅವಳ ಅಂಗೈ ಹಿಡಿದು ನಿಧಾನವಾಗಿ ಬರೆದೆ. ಕಕಾರಕ್ಕೆ ಒತ್ತು ಕೊಡುವಾಗ ಒಂದು ಸಲ ತಪ್ಪಿತು, ಅಳಿಸುವವಳಂತೆ ಅವಳ ಕೈ ಒರೆಸಿ ಮತ್ತೆ ಬರೆದೆ. ಅವಳು ಆ ಕೈಯನ್ನು ಮುಚ್ಚಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು ಎಂದು ಬಳೆಯ ಸದ್ದಿನಿಂದ ತಿಳಿಯಿತು.

ಎರಡು ಗಂಟೆ ಹತ್ತು ನಿಮಿಷಕ್ಕೆ ಕರೆಂಟ್ ಬಂತು.

ಸಂದರ್ಶನ ನಾನು ಅಂದುಕೊಂಡ ಹಾಗೇನೂ ಆಗಲಿಲ್ಲ. ಮೊದಲ ಎರಡು ನಿಮಿಷ ಮೈಕ್ ಹಾಕದೆಯೇ ಪಾಠ ಮಾಡಿದೆ, ಅವರು ಹೇಳಿದ ಮೇಲೆ ಗೊತ್ತಾಯಿತು. ಒಂದು ಪ್ರಶ್ನೆಗೆ ಗೊತ್ತಿಲ್ಲ ಎಂದೆ. ಬೇರೆ ದಿನವಾಗಿದ್ದರೆ ಏನಾದರೂ ಕಟ್ಟಿ ಹೇಳುತ್ತಿದ್ದೆನೋ ಏನೋ, ಅಂದು ಬಾಯಿಗೆ ಸುಳ್ಳು ಬರಲಿಲ್ಲ. ತಿಂಗಳ ಮೇಲೆ ಕಾಗದ ಬಂತು. ಮೊದಲು ಆಯ್ಕೆಯಾದವರು ಬರಲಿಲ್ಲವಾದ್ದರಿಂದ ಎರಡನೆಯವಳಾದ ನನಗೆ ಕೆಲಸ ಸಿಕ್ಕಿತು. ಈಗ ಆ ಶಾಲೆಯಲ್ಲೇ ಇದ್ದೇನೆ. ನನ್ನ ಕಡತಗಳ ಪ್ರತಿಗಳು ಮೂರು ಕಡೆ ಇವೆ.

ಅಂದು ನನ್ನ ಏಳು ವರ್ಷದ ಕೆಲಸ ಉಳಿದದ್ದನ್ನು ನೆನೆದರೆ ಸಂತೋಷವಾಗುತ್ತದೆ. ಆದರೆ ಹೆಚ್ಚು ಸಲ ನೆನಪಾಗುವುದು ಅದಲ್ಲ, ನಾನು ಆಡಿದ ಮಾತು. ನನಗೆ ಯಾರಾದರೂ ಪಾಪ ಎಂದರೆ ಸಹಿಸದ ನಾನು, ಕಣ್ಣಿನ ವಿಷಯ ತೆಗೆದು ಇನ್ನೊಬ್ಬರನ್ನು ಚುಚ್ಚಿದೆನಲ್ಲ. ಗಂಗಕ್ಕ ಅದನ್ನು ಕೇಳಿಯೂ ಹೊರಟು ಹೋಗದೆ, ಯಾರಿಗೂ ಹೇಳದ ತನ್ನ ಗುಟ್ಟನ್ನು ಹೇಳಿ, ಕೈ ಹಿಡಿದು ದಡ ಮುಟ್ಟಿಸಿದಳು.

ಕಳೆದ ಯುಗಾದಿಗೆ ಊರಿಗೆ ಹೋಗಿದ್ದಾಗ ಅಟ್ಟದ ಕೆಳಗೆ ಅವಳ ಪಕ್ಕ ಕೂತು, ಅಂದು ಹಾಗೆ ಅನ್ನಬಾರದಿತ್ತು ಗಂಗಕ್ಕ ಎಂದೆ.

"ಯಾವ ಮಾತವ್ವ? ನಂಗೆ ಗ್ಯಾನನೇ ಇಲ್ಲ, ಬುಡು," ಎಂದಳು. ಆದರೆ ಹಾಗೆನ್ನುವ ಮೊದಲು ಅವಳ ಕತ್ತಿಯ ಸದ್ದು ಒಂದು ಗಳಿಗೆ ನಿಂತಿತ್ತು. ಗಂಗಕ್ಕನಿಗೆ ಸುಳ್ಳು ಹೇಳಲು ಸರಿಯಾಗಿ ಬರುವುದಿಲ್ಲ. ಈ ಸಲ ನಾನು ಅದನ್ನು ಗುರುತಿಸಿಯೂ ಸುಮ್ಮನಿದ್ದೆ.